ಸುಮ್ನೆ ಕೂತ ಕಂಪ್ಯೂಟರಿಗೊಂದು ಕೆಲಸ

ನಮ್ಮ ಮನೆಯ ಹಾಲಿನ ಮೂಲೆಯಲ್ಲಿ ಒಂದು ಡೆಸ್ಕ್‌ಟಾಪ್ ಇದೆ. ಲಾಕ್‌ಡೌನ್ ಸಡಿಲವಾದ ವಾರ ಎಸ್.ಪಿ. ರೋಡಿನಿಂದ ಒಂದೊಂದೇ ಬಿಡಿಭಾಗ ತಂದು ನಾನೇ ಜೋಡಿಸಿದ್ದು. ಆಮೇಲೆ ಆಫೀಸಿನವರು ಲ್ಯಾಪ್‌ಟಾಪ್ ಕೊಟ್ರು, ಇದು ಮೂಲೆ ಸೇರಿತು. ಅಮ್ಮ ಅದರ ಮೇಲೊಂದು ಕ್ರೋಶಾ ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಮನಿ ಪ್ಲಾಂಟ್ ಇಟ್ಟುಬಿಟ್ಟರು. ಮೂರು ವರ್ಷ ಅದು ಸ್ಟ್ಯಾಂಡ್ ಆಗಿಯೇ ಬದುಕಿತು. ಹೋದ ತಿಂಗಳು ಒಂದು ಶನಿವಾರ ಯಾಕೋ ಮನಸ್ಸು ಬಂದು ಗಿಡ ಇಳಿಸಿ, ಫ್ಯಾನಿನ ಧೂಳು ಊದಿ, ಸ್ವಿಚ್ ಹಾಕಿದೆ. ಎದ್ದು ಕೂತಿತು, ಪಾಪ.

ಅದಕ್ಕೆ ಬೋಯಿಂಕ್ ಅನ್ನೋ ತಂತ್ರಾಂಶ ಹಾಕಿದೆ. ಗೊತ್ತಿಲ್ಲದವರಿಗೆ ಎರಡು ಮಾತು: ಯಾವುದೋ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಮುಗಿಯದಷ್ಟು ಲೆಕ್ಕ ಇರುತ್ತೆ. ಅದನ್ನು ಚಿಕ್ಕಚಿಕ್ಕ ತುಂಡು ಮಾಡಿ ಜಗತ್ತಿನಾದ್ಯಂತ ಮನೆಗಳಲ್ಲಿರೋ ಕಂಪ್ಯೂಟರುಗಳಿಗೆ ಹಂಚುತ್ತಾರೆ. ನಿಮ್ಮ ಕಂಪ್ಯೂಟರ್ ತನ್ನ ಪಾಲಿನ ತುಂಡು ಮುಗಿಸಿ ಉತ್ತರ ಕಳಿಸಿ ಇನ್ನೊಂದು ತುಂಡು ಕೇಳುತ್ತೆ. ದುಡ್ಡಿಲ್ಲ, ಸಂಬಳ ಇಲ್ಲ. ನಾನು ಆಯ್ಕೆ ಮಾಡಿದ್ದು ಐನ್‌ಸ್ಟೈನ್ ಅಟ್ ಹೋಮ್, ನಕ್ಷತ್ರಗಳ ಕಡೆಯ ಕೆಲಸ.

ಇನ್‌ಸ್ಟಾಲ್ ಆಗೋಕೆ ಎರಡು ನಿಮಿಷ ಸಾಕಾಯ್ತು. ಒಂದು ಗಂಟೆ ಹೋಗಿದ್ದು ಸೆಟ್ಟಿಂಗ್ಸ್ ಪುಟದಲ್ಲಿ. ಕಂಪ್ಯೂಟರನ್ನು ಯಾರಾದರೂ ಬಳಸುತ್ತಿದ್ದರೆ ಲೆಕ್ಕ ನಿಲ್ಲಿಸಬೇಕೆ? ಬ್ಯಾಟರಿ ಮೇಲಿದ್ದರೆ? ಪ್ರೊಸೆಸರಿನ ಶೇಕಡ ಎಷ್ಟು ಕೊಡ್ತೀರಿ? ಇಂಟರ್‌ನೆಟ್ ಎಷ್ಟು ಹೊತ್ತಿಂದ ಎಷ್ಟು ಹೊತ್ತಿನವರೆಗೆ? ಇಷ್ಟೊಂದು ವಿನಯ ಇರೋ ತಂತ್ರಾಂಶ ನಾನು ನೋಡಿಲ್ಲ. ಮನೆಗೆ ಬಂದ ನೆಂಟ ಚಪ್ಪಲಿ ಎಲ್ಲಿ ಬಿಡಲಿ, ನೀರು ಯಾವ ಲೋಟದಲ್ಲಿ ಕುಡಿಯಲಿ ಅಂತ ಕೇಳೋ ಹಾಗೆ. ಇಷ್ಟು ಕೇಳ್ತಿದ್ದಾನೆ ಅಂದ್ರೆ ಹಿಂದೆ ಯಾರದೋ ಮನೆಯಲ್ಲಿ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ ಅಲ್ವಾ? ಹುಡುಕ್ತಾ ಹೋದೆ. ಆಗಿತ್ತು.

ಮೊದಲ ಎಡವಟ್ಟು ಇಂಟರ್‌ನೆಟ್ಟೇ ಮನೆಗೆ ಬರುವ ಮುಂಚಿನದು. ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಆಲ್ಟೋ ಅನ್ನೋ ಸುಮಾರು ನೂರು ಕಂಪ್ಯೂಟರುಗಳು ಈಥರ್‌ನೆಟ್‌ನಲ್ಲಿ ಜೋಡಿಸಿಕೊಂಡು ಇದ್ದವು. ಹಗಲು ಜನ ಕೂತು ಕೆಲಸ ಮಾಡ್ತಿದ್ರು, ರಾತ್ರಿ ಎಲ್ಲ ಖಾಲಿ. ಜಾನ್ ಶೋಚ್ ಮತ್ತು ಜಾನ್ ಹಪ್ ಎಂಬಿಬ್ಬರಿಗೆ ಈ ಖಾಲಿತನ ನೋಡಿ ಹೊಟ್ಟೆ ಉರಿಯಿತು. ಬಿಡುವಾಗಿರೋ ಯಂತ್ರ ಹುಡುಕಿ ಅಲ್ಲಿಗೆ ತನ್ನ ಪ್ರತಿ ಕಳಿಸಿಕೊಂಡು, ಹೀಗೇ ಹಲವು ಯಂತ್ರಗಳ ಮೇಲೆ ಹರಡಿ ಕೆಲಸ ಮಾಡೋ ಕ್ರಮವಿಧಿ ಬರೆದರು. ಅದಕ್ಕೆ ವರ್ಮ್, ಅಂದರೆ ಹುಳ ಅಂತ ಹೆಸರಿಟ್ಟರು. 1975ರ ಒಂದು ವೈಜ್ಞಾನಿಕ ಕಾದಂಬರಿಯಿಂದ ಎತ್ತಿಕೊಂಡ ಕಲ್ಪನೆ ಅದು. ಇವತ್ತು ವರ್ಮ್ ಅಂದ್ರೆ ನಮಗೆ ವೈರಸ್ಸಿನ ಅಣ್ಣ. ಆದರೆ ಆ ಪದ ಕಂಪ್ಯೂಟರ್ ಲೋಕದಲ್ಲಿ ಕಾಲಿಟ್ಟಿದ್ದು ಹೀಗೆ, ಪುಕ್ಕಟೆ ದುಡಿಯೋ ಆಳಾಗಿ.

ಒಂದು ರಾತ್ರಿ ಪುಟ್ಟದೊಂದು ಹುಳವನ್ನು ಓಡಲು ಬಿಟ್ಟು ಮನೆಗೆ ಹೋದರು. ಎಲ್ಲೋ ಅದರ ಒಂದು ಪ್ರತಿ ಕೆಟ್ಟಿತು. ಕೆಟ್ಟ ಪ್ರತಿ ಹೋದ ಯಂತ್ರ ಕುಸಿಯಿತು. ಹುಳ ಇನ್ನೊಂದು ಯಂತ್ರ ಹುಡುಕಿತು, ಅದೂ ಕುಸಿಯಿತು. ಬೆಳಿಗ್ಗೆ ಜನ ಕೆಲಸಕ್ಕೆ ಬಂದು ನೋಡಿದರೆ ಕಟ್ಟಡದ ತುಂಬ ಕಂಪ್ಯೂಟರುಗಳು ಸತ್ತು ಕೂತಿವೆ. ಮತ್ತೆ ಚಾಲೂ ಮಾಡಿದರೆ ಹುಳ ಮತ್ತೆ ಹಿಡಿಯೋದು. ಪುಣ್ಯಕ್ಕೆ ಎಲ್ಲ ಹುಳಗಳನ್ನೂ ಒಂದೇ ಸಲ ಕೊಲ್ಲೋ ಒಂದು ತುರ್ತು ಸಂದೇಶವನ್ನು ಮೊದಲೇ ಬರೆದಿಟ್ಟಿದ್ದರು. 1982ರಲ್ಲಿ ಇಬ್ಬರೂ ಇದನ್ನೆಲ್ಲ ಮುಚ್ಚುಮರೆ ಇಲ್ಲದೆ ಪ್ರಬಂಧ ಬರೆದು ಪ್ರಕಟಿಸಿದರು. ತಮ್ಮ ಎಡವಟ್ಟನ್ನು ಇಷ್ಟು ನೇರವಾಗಿ ಬರೆದುಕೊಂಡ ತಾಂತ್ರಿಕ ಪ್ರಬಂಧ ಅಪರೂಪ. ನಮ್ಮ ಆಫೀಸಿನ ಎಡವಟ್ಟು ವರದಿಗಳನ್ನು ಓದಿದವರಿಗೆ ಗೊತ್ತಾಗುತ್ತೆ ಈ ಮಾತು.

ಪಾರ್ಕ್‌ನಲ್ಲಿ ಕನಿಷ್ಠ ಎಲ್ಲರೂ ಒಂದೇ ಸಂಸ್ಥೆಯವರು. ಅಪರಿಚಿತರು ಬಂದದ್ದು ಆಮೇಲೆ. 1977ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಮಾರ್ಟಿನ್ ಗಾರ್ಡ್ನರ್ ಅಂಕಣದಲ್ಲಿ 129 ಅಂಕಿಯ ಒಂದು ಸಂಖ್ಯೆ ಕೊಟ್ಟು, ಇದನ್ನು ಒಡೆದು ಒಳಗಿನ ಗುಪ್ತ ಸಂದೇಶ ಓದಿದವರಿಗೆ 100 ಡಾಲರ್ ಅಂದಿದ್ದರು. ಕೋಟ್ಯಂತರ ವರ್ಷ ಬೇಕು ಅಂತ ಅಂದಾಜು. 1994ರ ಏಪ್ರಿಲಿನಲ್ಲಿ ಅದು ಒಡೆದೇ ಹೋಯಿತು. ಇಮೇಲ್ ಮೂಲಕ ಕೆಲಸ ಹಂಚಿಕೊಂಡ ಸುಮಾರು 600 ಮಂದಿ, 1600 ಯಂತ್ರ, ಎಂಟು ತಿಂಗಳು. ಅಷ್ಟೇ.

ಅಲ್ಲಿಂದ ಮುಂದೆ ಬೇಗಬೇಗ ಬೆಳೆಯಿತು. 1996ರ ಜನವರಿಯಲ್ಲಿ ಜಾರ್ಜ್ ವೋಲ್ಟ್‌ಮನ್ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕೋ ಗಿಂಪ್ಸ್ ಶುರು ಮಾಡಿದರು. ಅದರ ಪ್ರೈಮ್95 ತಂತ್ರಾಂಶ ನಿಮಗೂ ಗೊತ್ತಿರಬಹುದು. ಹೊಸ ಪಿಸಿ ಜೋಡಿಸಿದವರು ಪ್ರೊಸೆಸರ್ ಗಟ್ಟಿ ಇದೆಯಾ ಅಂತ ಬಿಸಿ ಮಾಡಿ ನೋಡೋದು ಅದರಲ್ಲೇ. 1997ರಲ್ಲಿ ಡಿಸ್ಟ್ರಿಬ್ಯೂಟೆಡ್ ಡಾಟ್ ನೆಟ್ ಬಂತು, ಗುಪ್ತಲಿಪಿಗಳ ಕೀಲಿ ಹುಡುಕೋಕೆ. ಅವರ ಒಂದು ಹುಡುಕಾಟ 1757 ದಿನ ನಡೆಯಿತು. 3 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಕೊನೆಗೆ 2002ರ ಜುಲೈ 14ರಂದು ಟೋಕಿಯೋದ ಒಂದು ಸಾದಾ ಪೆಂಟಿಯಂ 3 ಯಂತ್ರ ಸರಿಯಾದ ಕೀಲಿ ಕಳಿಸಿತು. ಸರ್ವರಿನಲ್ಲಿ ಒಂದು ಸ್ಕ್ರಿಪ್ಟ್ ಕೆಟ್ಟಿದ್ದರಿಂದ ಆಗಸ್ಟ್ 12ರವರೆಗೆ ಯಾರೂ ಅದನ್ನು ನೋಡಲೇ ಇಲ್ಲ! ನಾಲ್ಕು ಮುಕ್ಕಾಲು ವರ್ಷ ಲಕ್ಷಾಂತರ ಜನ ಹುಡುಕಿದ್ದು ಒಂದು ತಿಂಗಳು ಟಪಾಲು ಡಬ್ಬಿಯಲ್ಲೇ ಬಿದ್ದಿತ್ತು. ಒಡೆದ ಸಂದೇಶದಲ್ಲಿ ಏನಿತ್ತು ಗೊತ್ತಾ? ಕೆಲವನ್ನು ಓದದೇ ಇರುವುದೇ ಒಳ್ಳೆಯದು, ಅಂತ.

ಆದರೆ ಇವೆಲ್ಲ ಗಣಿತದ ಹುಚ್ಚಿದ್ದವರ ಆಟ. ಅಜ್ಜಿ, ಮೇಷ್ಟ್ರು, ಕಾಲೇಜು ಹುಡುಗರವರೆಗೆ ಇದನ್ನು ತಂದದ್ದು ಸೆಟಿ ಅಟ್ ಹೋಮ್. ನಾನು ಮೊದಲು ಅದನ್ನು ನೋಡಿದ್ದು 2001ರಲ್ಲಿ, ಹಾಸನದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ಮೂಲೆಯ ಮಾನಿಟರಿನ ಮೇಲೆ ಕೆಂಪು, ಹಳದಿ, ಹಸಿರು ಬಣ್ಣದ ಗುಡ್ಡಗಳಂಥ ಗ್ರಾಫು ನಿಧಾನ ಏಳ್ತಾ ಇತ್ತು. ಮೌಸ್ ಮುಟ್ಟಲು ಹೋದೆ. ಸರ್ ಬೈದರು: "ಏಯ್ ಮುಟ್ಟಬೇಡ, ಅದು ಏಲಿಯನ್ ಹುಡುಕ್ತಾ ಇದೆ!" ಅವತ್ತು ಹೇಳಿಕೊಟ್ಟ ಪೇಂಟ್ ಬ್ರಶ್ ಪಾಠ ಏನೂ ನೆನಪಿಲ್ಲ, ಈ ಬೈಗುಳ ಮಾತ್ರ ಚೆನ್ನಾಗಿ ನೆನಪಿದೆ.

ಸರ್ ಹೇಳಿದ್ದು ಸುಳ್ಳೇನಲ್ಲ. ಪೋರ್ಟೊರಿಕೋ ದ್ವೀಪದ ಅರೆಸಿಬೋದಲ್ಲಿ 305 ಮೀಟರ್ ಅಗಲದ ರೇಡಿಯೋ ದೂರದರ್ಶಕ ಇತ್ತು. ಬೇರೆ ಖಗೋಳ ವಿಜ್ಞಾನಿಗಳು ತಮ್ಮ ಕೆಲಸಕ್ಕೆ ಅದನ್ನು ಎತ್ತ ತಿರುಗಿಸುತ್ತಾರೋ ಬರ್ಕಲಿಯ ಸೆಟಿ ತಂಡವೂ ಅತ್ತಲೇ ಕಿವಿಗೊಡುತ್ತಿತ್ತು. ತಿರುಗಿಸುವ ಅಧಿಕಾರ ಇವರಿಗಿಲ್ಲ, ಬಂದದ್ದನ್ನು ಕೇಳಿಸಿಕೊಳ್ಳೋದಷ್ಟೆ. ಹೈಡ್ರೋಜನ್ ಸಹಜವಾಗಿ ಹೊಮ್ಮಿಸುವ 1420 ಮೆಗಾಹರ್ಟ್ಸ್ ಸುತ್ತಮುತ್ತಲಿನ ಎರಡೂವರೆ ಮೆಗಾಹರ್ಟ್ಸ್ ಪಟ್ಟಿಯನ್ನು ಟೇಪುಗಳಲ್ಲಿ ತುಂಬಿಕೊಂಡು, ಆ ಟೇಪುಗಳನ್ನು ಪೆಟ್ಟಿಗೆಯಲ್ಲಿಟ್ಟು ಅಂಚೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಕಳಿಸುತ್ತಿದ್ದರು. ಇಂಟರ್‌ನೆಟ್ಟಿನ ಅತಿ ದೊಡ್ಡ ಪ್ರಯೋಗದ ಮೊದಲ ಹೆಜ್ಜೆ ಪಾರ್ಸೆಲ್ ಸರ್ವಿಸ್!

ಬರ್ಕಲಿಯಲ್ಲಿ ಟೇಪನ್ನು ಸೀಳುತ್ತಿದ್ದರು. ಪಟ್ಟಿಯನ್ನು 256 ಎಳೆ ಮಾಡಿ, ಪ್ರತಿ ಎಳೆಯಿಂದ 107 ಸೆಕೆಂಡಿನ ತುಂಡು. ಒಂದು ತುಂಡು ಸುಮಾರು 340 ಕಿಲೋಬೈಟ್. ಈಗ ಗುಡ್ ಮಾರ್ನಿಂಗ್ ಫೋಟೋ ಒಂದೇ ಅದಕ್ಕಿಂತ ದೊಡ್ಡದಿರುತ್ತೆ. ಆ ಕಾಲದ ಮೋಡೆಮ್ಮಿನಲ್ಲಿ ಒಂದೆರಡು ನಿಮಿಷದಲ್ಲಿ ಇಳಿದುಬಿಡುತ್ತಿತ್ತು. ಆದರೆ ಅದರೊಳಗಿನ ಲೆಕ್ಕ ಮುಗಿಯೋಕೆ ಮನೆ ಕಂಪ್ಯೂಟರಿಗೆ ಹತ್ತಾರು ಗಂಟೆ. ಇಡೀ ಯೋಜನೆಯ ಗುಟ್ಟು ಇರೋದು ಇಲ್ಲೇ. ಸಾಮಾನು ಹಗುರ, ಕೆಲಸ ಭಾರ. ಫೋನ್ ಲೈನಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕಟ್ಟುತ್ತಿದ್ದ ನಮ್ಮಂಥ ಊರುಗಳಲ್ಲೂ ಇದು ಸಾಧ್ಯವಾದದ್ದು ಅದಕ್ಕೇ. ನನ್ನ ಸೆಟ್ಟಿಂಗ್ಸ್ ಪುಟದಲ್ಲಿ ಇಂಟರ್‌ನೆಟ್ ಹೊತ್ತು ಕೇಳುವ ಆ ಚೌಕ ನೋಡಿದರೆ ನನಗೆ ಡಯಲಪ್ಪಿನ ಕಿರ್ರ್ ಸದ್ದೇ ಕೇಳಿಸುತ್ತೆ.

1995ರಲ್ಲಿ ಡೇವಿಡ್ ಗೆಡೈ ಎಂಬವರಿಗೆ ಹೊಳೆದ ಈ ಯೋಚನೆ 1999ರ ಮೇ 17ರಂದು ಜನರ ಕೈಗೆ ಬಂತು. ಡೇವಿಡ್ ಆಂಡರ್‌ಸನ್, ಡ್ಯಾನ್ ವರ್ತಿಮರ್ ಮುಂತಾದವರ ಪುಟ್ಟ ತಂಡ. ಐವತ್ತು ಸಾವಿರದಿಂದ ಒಂದು ಲಕ್ಷ ಕಂಪ್ಯೂಟರ್ ಸಿಕ್ಕರೆ ಸಾಕು ಅಂದುಕೊಂಡಿದ್ದರು. ಒಟ್ಟು ಸೇರಿದವರು 52 ಲಕ್ಷಕ್ಕೂ ಹೆಚ್ಚು.

ಜನ ಸೇರಿದ ಮೇಲೆ ಜನರ ಬುದ್ಧಿಯೂ ಸೇರಿತು. ಯಾರು ಎಷ್ಟು ತುಂಡು ಮುಗಿಸಿದರು ಅಂತ ಒಂದು ಪಟ್ಟಿ ಹಾಕಿದ್ದರು. ತಮಾಷೆಗೆ ಶುರುವಾದದ್ದು ಪೈಪೋಟಿ ಆಯ್ತು. ಕೆಲವರು ವೇಗ ಹೆಚ್ಚಿಸಲು ತಂತ್ರಾಂಶವನ್ನೇ ತಿದ್ದಿದರು. ಕೆಲವರು ಲೆಕ್ಕವನ್ನೇ ಮಾಡದೆ ಉತ್ತರ ಕಳಿಸಿದರು. ಯೋಚಿಸಿ ನೋಡಿ: ಬಹುಮಾನ ಇಲ್ಲ, ದುಡ್ಡಿಲ್ಲ, ಏಲಿಯನ್ ಹುಡುಕೋ ಪುಣ್ಯದ ಕೆಲಸ, ಅದರಲ್ಲೂ ಕಾಪಿ! ನಮ್ಮ ಸ್ಟೆಪ್ ಕೌಂಟರ್ ಚಾಲೆಂಜಿನಲ್ಲಿ ಫೋನನ್ನು ಫ್ಯಾನಿಗೆ ಕಟ್ಟಿ ತಿರುಗಿಸಿದ ಸಹೋದ್ಯೋಗಿ ನೆನಪಾದ. ದಾನ ಕೊಟ್ಟ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದರೆ ಕೆಲವರಿಗೆ ದಾನಕ್ಕಿಂತ ಬೋರ್ಡೇ ಮುಖ್ಯ ಆಗುತ್ತೆ. ದೇವಸ್ಥಾನದ ಟ್ಯೂಬ್‌ಲೈಟ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೋಸಗಾರರಷ್ಟೇ ಅಲ್ಲ, ಬಿಸಿಯಾಗಿ ತಪ್ಪು ಲೆಕ್ಕ ಮಾಡೋ ಪ್ರಾಮಾಣಿಕ ಕಂಪ್ಯೂಟರುಗಳೂ ಇದ್ದವು. ಎರಡಕ್ಕೂ ಸಿಕ್ಕ ಮದ್ದು ಒಂದೇ: ಒಂದೇ ತುಂಡನ್ನು ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರಿಗೆ ಅಥವಾ ಮೂವರಿಗೆ ಕೊಡೋದು. ಉತ್ತರ ತಾಳೆಯಾದರೆ ಮಾತ್ರ ಒಪ್ಪೋದು. ಕೇಳೋಕೆ ಸರಳ, ಆದರೆ ಬೆಲೆ ನೋಡಿ: ಬಂದ ಶಕ್ತಿಯಲ್ಲಿ ಅರ್ಧಕ್ಕೂ ಹೆಚ್ಚು ಬರೀ ಅಪನಂಬಿಕೆಗೆ ಖರ್ಚು. ಸೂಪರ್ ಕಂಪ್ಯೂಟರ್ ಕೊಳ್ಳುವವರಿಗೆ ಈ ಖರ್ಚಿಲ್ಲ. ಅಪರಿಚಿತರ ಔದಾರ್ಯದಿಂದ ನಡೆಯೋ ವಿಜ್ಞಾನ ಮಾತ್ರ ಕಟ್ಟಬೇಕಾದ ತೆರಿಗೆ ಇದು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ನಿಜವಾದ ಸಂಶೋಧನೆ ಅಂದ್ರೆ ಇದೇ. ಯಾರನ್ನೂ ನಂಬದೆ, ಯಾರನ್ನೂ ಅವಮಾನಿಸದೆ, ಎಲ್ಲರಿಂದ ಕೆಲಸ ತೆಗೆಯೋ ದಾರಿ.

ಸೆಟಿಯಲ್ಲಿ ಕಲಿತದ್ದನ್ನೆಲ್ಲ ಒಂದು ಕಡೆ ಹಾಕಿ, ಬೇರೆ ವಿಜ್ಞಾನಿಗಳೂ ಬಳಸಲಿ ಅಂತ ಆಂಡರ್‌ಸನ್ 2002ರಲ್ಲಿ ಶುರು ಮಾಡಿದ್ದೇ ಈ ಬೋಯಿಂಕ್. ಅದರಲ್ಲಿ ತುಂಡು ಎಣಿಸುವ ಬದಲು ಮಾಡಿದ ಲೆಕ್ಕಕ್ಕೆ ಅಂಕ ಕೊಡುತ್ತಾರೆ, ಅದೂ ತಾಳೆಯಾದ ಮೇಲೆ. ಅಂಕದ ಹೆಸರು ಕಾಬಲ್‌ಸ್ಟೋನ್. ಸೆಟಿ ತಂಡದ ಜೆಫ್ ಕಾಬ್ ಅವರ ಹೆಸರಿನ ಮೇಲೆ ಮಾಡಿದ ತಮಾಷೆ.

ಬೋಯಿಂಕ್‌ನ ನಿಯಮಗಳಲ್ಲಿ ಒಂದು ಸಾಲಿದೆ: ನಿಮ್ಮದೇ ಕಂಪ್ಯೂಟರಿನಲ್ಲಿ, ಅಥವಾ ಒಡೆಯರ ಅನುಮತಿ ಪಡೆದ ಕಂಪ್ಯೂಟರಿನಲ್ಲಿ ಮಾತ್ರ ಓಡಿಸಿ. ನಾವು ಯಾರೂ ಓದದೆ ಒಪ್ಪಿಗೆ ಒತ್ತೋ ಸಾಲು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಒಂದು ಕಾಲೇಜಿನ ಕಂಪ್ಯೂಟರ್ ನಿರ್ವಾಹಕ, ಲ್ಯಾಬಿನ ಯಂತ್ರಗಳು ಸುಮ್ನೆ ಕೂತಿವೆಯಲ್ಲ ಅಂತ ಡಿಸ್ಟ್ರಿಬ್ಯೂಟೆಡ್ ಡಾಟ್ ನೆಟ್ ತಂತ್ರಾಂಶ ಹಾಕಿದ್ದರು. ನಿಮಗೂ ನನಗೂ ಆಫೀಸಿನಲ್ಲಿ ಬಂದಿರಬಹುದಾದ ಯೋಚನೆಯೇ. ಸರ್ಕಾರ ಕ್ರಿಮಿನಲ್ ಕೇಸು ಹಾಕಿತು. ನೆಟ್‌ವರ್ಕ್ ಬಳಕೆಗೆ ಸೆಕೆಂಡಿಗೆ 59 ಸೆಂಟಿನಂತೆ ಲೆಕ್ಕ ಹಾಕಿ 4 ಲಕ್ಷ ಡಾಲರಿಗೂ ಮೀರಿದ ನಷ್ಟ ತೋರಿಸಿತು. ದಶಕಗಟ್ಟಲೆ ಜೈಲಿನ ಮಾತೂ ಬಂತು. 2002ರ ಜನವರಿಯಲ್ಲಿ ರಾಜಿಯಾಗಿ 2100 ಡಾಲರ್, ಒಂದು ವರ್ಷದ ಪ್ರೊಬೇಷನ್, 80 ಗಂಟೆ ಸಮುದಾಯ ಸೇವೆಗೆ ಮುಗಿಯಿತು. ಕೇಸು ಅತಿಯಾಯ್ತು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಆ ಯಂತ್ರಗಳು ಅವರವಲ್ಲ ಅನ್ನೋದರಲ್ಲೂ ಇಲ್ಲ. ದಾನ ಮಾಡೋಕೆ ಮೊದಲು ವಸ್ತು ನಮ್ಮದಾಗಿರಬೇಕಲ್ಲ.

ಈಗ ವಿದ್ಯುತ್ತಿನ ವಿಷಯಕ್ಕೆ ಬರ್ತೀನಿ, ನನ್ನ ಶನಿವಾರ ನಿಂತದ್ದೂ ಅಲ್ಲೇ. ಸೆಟಿ ಬಂದಾಗ ಅದು ಕೇಳಿದ್ದು ಸ್ಕ್ರೀನ್‌ಸೇವರ್ ಓಡೋ ಹೊತ್ತನ್ನು ಮಾತ್ರ. ವಿಂಡೋಸ್ 95 ಕಾಲದ ಮನೆ ಕಂಪ್ಯೂಟರಿನ ಪ್ರೊಸೆಸರ್ ಕೆಲಸ ಇಲ್ಲದಾಗಲೂ ನಿದ್ದೆ ಮಾಡುತ್ತಿರಲಿಲ್ಲ, ಸುಮ್ಮನೆ ಖಾಲಿ ಸುತ್ತು ಸುತ್ತುತ್ತಿತ್ತು. ಕೆಲಸ ಕೊಟ್ಟರೂ ಕರೆಂಟು ಹೆಚ್ಚುಕಡಿಮೆ ಅಷ್ಟೇ, ಕೊಡದಿದ್ದರೂ ಅಷ್ಟೇ. ಹಾಗಾಗಿ ಮಿಕ್ಕದ್ದನ್ನು ಕೊಡಿ ಅಂತ ಕೇಳಿದ್ದು ನ್ಯಾಯವಾಗಿಯೇ ಇತ್ತು. ಊಟ ಮಿಕ್ಕಿದೆ, ಹೇಗೂ ಚೆಲ್ಲಬೇಕು, ಹಾಕಿ ಅಂದ ಹಾಗೆ. ಇವತ್ತಿನ ಪ್ರೊಸೆಸರ್ ಹಾಗಲ್ಲ. ಕೆಲಸ ಇಲ್ಲದ ಕ್ಷಣ ಕಣ್ಣು ಮುಚ್ಚುತ್ತೆ, ವೇಗ ಇಳಿಸುತ್ತೆ, ಅರ್ಧ ಭಾಗ ಆರಿಸಿಕೊಳ್ಳುತ್ತೆ. ಮಿಕ್ಕ ಊಟ ಅನ್ನೋದೇ ಇಲ್ಲ ಈಗ. ಕೊಡಬೇಕಂದ್ರೆ ಹೊಸದಾಗಿ ಅಡುಗೆ ಮಾಡಬೇಕು.

ಪ್ಲಗ್ ಮೀಟರ್ ಹಾಕಿ ಅಳೆದೆ. ಸುಮ್ಮನಿದ್ದಾಗ 38 ವ್ಯಾಟ್, ಬೋಯಿಂಕ್ ಓಡುವಾಗ 104. ವ್ಯತ್ಯಾಸ 66 ತಾನೆ ಅಂತ ಸಮಾಧಾನ ಮಾಡಿಕೊಳ್ಳೋ ಹಾಗಿಲ್ಲ, ಯಾಕಂದ್ರೆ ಈ ಯಂತ್ರ ಮನಿ ಪ್ಲಾಂಟ್ ಕೆಳಗೆ ಆಫ್ ಆಗಿತ್ತು. 104 ಪೂರ್ತಿ ನನ್ನದೇ. ದಿನವಿಡೀ ಓಡಿಸಿದರೆ ತಿಂಗಳಿಗೆ 75 ಯೂನಿಟ್. ನಮ್ಮದು ಗೃಹಜ್ಯೋತಿ ಮನೆ. ಹಿಂದಿನ ಸರಾಸರಿಗಿಂತ ಸ್ವಲ್ಪ ಮಾತ್ರ ಹೆಚ್ಚಿಗೆ ಮಾಫಿ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಅಮ್ಮನಿಗೆ ಇದನ್ನು ವಿವರಿಸಿದೆ. "ಅಂದ್ರೆ ನಕ್ಷತ್ರ ನೋಡೋಕೆ ಗೀಸರ್ ಆಫ್ ಮಾಡಬೇಕಾ?" ಅಂದ್ರು. ಸರ್ಕಾರದ ಮಾಫಿ ಕರೆಂಟನ್ನು ನನ್ನ ದಾನ ಅಂತ ಬರೆಸಿಕೊಳ್ಳೋದೂ ಸ್ವಲ್ಪ ಮುಜುಗರವೇ. ಕೊನೆಗೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಅಂತ ಹಾಕಿದೆ. 25 ಯೂನಿಟ್. ಒಪ್ಪಿಗೆ ಸಿಕ್ಕಿತು.

ಇಷ್ಟು ಖರ್ಚು ಮಾಡಿ ಮನೆ ಕಂಪ್ಯೂಟರಿನಲ್ಲಿ ಈಗಲೂ ಏನಾದರೂ ಆಗುತ್ತಾ ಅಂತ ಕೇಳಬಹುದು. ಎರಡು ಕಡೆಯ ಸಾಕ್ಷಿ ಇದೆ. 2024ರ ಅಕ್ಟೋಬರಿನಲ್ಲಿ ಗಿಂಪ್ಸ್ 4 ಕೋಟಿ 10 ಲಕ್ಷ ಅಂಕಿಗಳ ಅವಿಭಾಜ್ಯ ಸಂಖ್ಯೆ ಕಂಡುಹಿಡಿಯಿತು. ಆದರೆ ಸಿಕ್ಕಿದ್ದು ಯಾರ ಮನೆಯ ಪಿಸಿಯಲ್ಲೂ ಅಲ್ಲ. ಲ್ಯೂಕ್ ಡ್ಯುರಾಂಟ್ ಅನ್ನೋರು ಹಲವು ದೇಶಗಳ ಡೇಟಾ ಸೆಂಟರುಗಳಲ್ಲಿ ಬಾಡಿಗೆಗೆ ಹಿಡಿದ ಗ್ರಾಫಿಕ್ಸ್ ಚಿಪ್ಪುಗಳ ಪೈಕಿ ಡಬ್ಲಿನ್ನಿನ ಒಂದರಲ್ಲಿ. 28 ವರ್ಷಗಳ ಮನೆ ಕಂಪ್ಯೂಟರಿನ ಆಳ್ವಿಕೆ ಅಲ್ಲಿಗೆ ಮುಗಿಯಿತು.

ಇನ್ನೊಂದು ಕಡೆ 2020ರ ಮಾರ್ಚ್. ಪ್ರೋಟೀನುಗಳು ಹೇಗೆ ಮಡಚಿಕೊಳ್ಳುತ್ತವೆ ಅಂತ ಲೆಕ್ಕ ಹಾಕೋ ಫೋಲ್ಡಿಂಗ್ ಅಟ್ ಹೋಮ್ 2000ದಿಂದಲೂ ಇತ್ತು, ಸುಮಾರು 30 ಸಾವಿರ ಜನರ ಸಂಸಾರ. ಅದು ಕೊರೊನಾ ವೈರಸ್ಸಿನ ಪ್ರೋಟೀನ್ ಕೈಗೆತ್ತಿಕೊಂಡಿದ್ದೇ ತಡ, ಕೆಲವೇ ವಾರಗಳಲ್ಲಿ ಲಕ್ಷಗಟ್ಟಲೆ ಜನ ಬಂದರು. ಮನೆಯಲ್ಲಿ ಕೂತು ಏನೂ ಮಾಡಲಾಗದ ಆ ದಿನಗಳು ನಿಮಗೂ ನೆನಪಿರುತ್ತೆ. ಒಟ್ಟು ಶಕ್ತಿ ಒಂದು ಎಕ್ಸಾಫ್ಲಾಪ್ ದಾಟಿತು, ಅಂದರೆ ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆಯಷ್ಟು ಲೆಕ್ಕ. ಆಗಿನ ನಂಬರ್ ಒನ್ ಸೂಪರ್ ಕಂಪ್ಯೂಟರ್ ಸಮ್ಮಿಟ್ ಕೂಡ ಅದರ ಹತ್ತಿರ ಇರಲಿಲ್ಲ. ಎಷ್ಟು ಜನ ಬಂದರೆಂದರೆ ಹಂಚೋಕೆ ತುಂಡುಗಳೇ ಮುಗಿದು, ಕೆಲಸ ಕೊಡಿ ಅಂತ ಕಂಪ್ಯೂಟರುಗಳು ಸಾಲು ನಿಂತವು.

ಸೆಟಿ ಅಟ್ ಹೋಮ್ ಹೊಸ ತುಂಡು ಹಂಚೋದನ್ನು ನಿಲ್ಲಿಸಿದ್ದೂ ಅದೇ ತಿಂಗಳು, 2020ರ ಮಾರ್ಚ್ 31. ಏಲಿಯನ್ ಸಿಕ್ಕಿರಲಿಲ್ಲ. ಅದೇ ವರ್ಷ ಡಿಸೆಂಬರ್ 1ರಂದು ಅರೆಸಿಬೋ ದೂರದರ್ಶಕ ಕುಸಿದುಬಿತ್ತು. ಆದರೆ 21 ವರ್ಷ ಜನ ಕಳಿಸಿದ ಉತ್ತರಗಳು ಉಳಿದಿದ್ದವು, ಸುಮಾರು 1200 ಕೋಟಿ ಸಂಕೇತಗಳು. ಅವನ್ನು ಜರಡಿ ಹಿಡಿಯುತ್ತಾ ಹೋಗಿ ತಂಡ ನೂರರ ಹತ್ತಿರಕ್ಕೆ ಇಳಿಸಿತು. 2025ರ ಜುಲೈಯಿಂದ ಚೀನಾದ ಫಾಸ್ಟ್ ದೂರದರ್ಶಕವನ್ನು ಆಕಾಶದ ಆ ಜಾಗಗಳ ಕಡೆ ತಿರುಗಿಸಿ ಮತ್ತೊಮ್ಮೆ ನೋಡುತ್ತಿದ್ದಾರೆ. ಹಾಸನದ ನಮ್ಮ ಸರ್ ಕಳಿಸಿದ ಯಾವುದಾದರೂ ತುಂಡು ಆ 1200 ಕೋಟಿಯಲ್ಲಿ ಇದ್ದೇ ಇರುತ್ತೆ.

ನಾನು ಐನ್‌ಸ್ಟೈನ್ ಅಟ್ ಹೋಮ್ ಆರಿಸಿಕೊಂಡದ್ದಕ್ಕೆ ಒಂದು ಕಾರಣ ಇದೆ. 2010ರಲ್ಲಿ ಅದು ಒಂದು ಪಲ್ಸಾರ್ ಕಂಡುಹಿಡಿಯಿತು. ಸುಮಾರು 17 ಸಾವಿರ ಜ್ಯೋತಿರ್ವರ್ಷ ದೂರದಲ್ಲಿ, ಸೆಕೆಂಡಿಗೆ ಸುಮಾರು 41 ಸುತ್ತು ಸುತ್ತೋ ಸತ್ತ ನಕ್ಷತ್ರ. ಅರೆಸಿಬೋದಲ್ಲಿ 2007ರಲ್ಲಿ ದಾಖಲಾಗಿದ್ದ ಸದ್ದಿನೊಳಗೆ ಅಡಗಿತ್ತು. ಅದನ್ನು ಹೆಕ್ಕಿದ್ದು ಅಮೆರಿಕದ ಅಯೋವಾದಲ್ಲಿ ಒಂದು ದಂಪತಿಯ ಕಂಪ್ಯೂಟರ್ ಮತ್ತು ಜರ್ಮನಿಯ ಮೈನ್ಜ್‌ನಲ್ಲಿ ಇನ್ನೊಬ್ಬರ ಕಂಪ್ಯೂಟರ್. ಒಬ್ಬರಿಗೊಬ್ಬರು ಪರಿಚಯವಿಲ್ಲ. ಕಾಪಿ ಹೊಡೆಯೋರನ್ನು ಹಿಡಿಯಲು ಮಾಡಿದ ನಿಯಮ ಇತ್ತಲ್ಲ, ಒಂದೇ ತುಂಡು ಇಬ್ಬರಿಗೆ ಅಂತ? ಅದರಿಂದಾಗಿ ಇಲ್ಲಿ ಯಾವುದನ್ನೂ ಯಾರೂ ಒಬ್ಬರೇ ಕಂಡುಹಿಡಿಯೋ ಹಾಗಿಲ್ಲ. ಪತ್ತೆಯಾದರೆ ಜೋಡಿಯಾಗಿಯೇ.

ಭಾನುವಾರ ಬೆಳಿಗ್ಗೆ ಎದ್ದು ನೋಡಿದೆ. ನನ್ನ ಡೆಸ್ಕ್‌ಟಾಪ್ ಮೊದಲ ತುಂಡು ಮುಗಿಸಿ ಕಳಿಸಿತ್ತು. ಅದರ ಮುಂದೆ ತಾಳೆ ಬಾಕಿ ಅಂತ ಇತ್ತು. ಅದೇ ತುಂಡು ಹೋಗಿರೋ ಇನ್ನೊಂದು ಕಂಪ್ಯೂಟರ್ ಇನ್ನೂ ಉತ್ತರ ಕೊಟ್ಟಿಲ್ಲ. ಕೊನೇ ದಿನಾಂಕಕ್ಕೆ ಇನ್ನೂ ಹನ್ನೊಂದು ದಿನ ಇದೆ. ಅಮ್ಮ ಮನಿ ಪ್ಲಾಂಟನ್ನು ಟಿವಿ ಪಕ್ಕಕ್ಕೆ ಸಾಗಿಸಿದ್ದಾರೆ.